ನೌಕರಿಗೆ ಹತ್ತಿದ ಟಗರು

ಆ ವರ್ಷದ ನನ್ನ ಡೈರಿಯಲ್ಲಿ ಕೆಲವು ಪುಟಗಳಿಲ್ಲ. ಅವು ಎಲ್ಲಿಗೆ ಹೋದವು ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಮಾತು ಬಂದಾಗ ಹೇಳುತ್ತೇನೆ. ಹಾಗಾಗಿ ಇಲ್ಲಿರುವುದರಲ್ಲಿ ಹೆಚ್ಚಿನದು ನೆನಪಿನಿಂದ ಬಂದದ್ದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದಕ್ಕೊಂದು ಚಟವಿದೆ: ನಾನು ಪೆದ್ದಿಯಾಗಿ ನಿಂತ ಕಡೆಯಲ್ಲೆಲ್ಲ ಪಕ್ಕಕ್ಕೆ ಇನ್ನೊಬ್ಬ ಪೆದ್ದನನ್ನು ತಂದು ನಿಲ್ಲಿಸಿಬಿಡುತ್ತದೆ. ಈ ಪ್ರಸಂಗದಲ್ಲಿ ಮಾತ್ರ ಒಬ್ಬ ಪಶುವೈದ್ಯರು ನಿಜವಾಗಿಯೂ ನನ್ನ ಪಕ್ಕದಲ್ಲಿ ನಿಂತಿದ್ದರು. ಅಷ್ಟನ್ನು ಆಣೆ ಮಾಡಿ ಹೇಳಬಲ್ಲೆ.

ನನ್ನ ಪಿಎಚ್.ಡಿ. ವಿಷಯ ಗಂಟಲು ನೋವು. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಮಕ್ಕಳ ಗಂಟಲಲ್ಲಿ ಬಿಡಾರ ಹೂಡುತ್ತದೆ. ಸರಿಯಾಗಿ ಔಷಧ ಕೊಡದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ಮುಂದೆ ಹೃದಯದ ಕವಾಟಕ್ಕೇ ಪೆಟ್ಟು ಬೀಳುತ್ತದೆ. ಪೆನಿಸಿಲಿನ್ ಕಂಡರೆ ಅದು ಇವತ್ತಿಗೂ ಕೈ ಮುಗಿದು ಶರಣಾಗುತ್ತದೆ. ಆದರೆ ನಮ್ಮ ಕಡೆ ಚೀಟಿಯಿಲ್ಲದೆ ಕೊಂಡ ಬೇರೆ ಗುಳಿಗೆಗಳಿವೆ, ಎರಡು ನುಂಗಿ ಉಳಿದದ್ದನ್ನು ಸೋದರತ್ತೆಯ ಕೆಮ್ಮಿಗೆಂದು ಎತ್ತಿಟ್ಟವೂ ಇವೆ. ಅವುಗಳಿಗೆ ಜಗ್ಗದೆ ನಿಲ್ಲುವುದನ್ನು ಈ ಬ್ಯಾಕ್ಟೀರಿಯಾ ಕಲಿಯುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಶಾಲೆಗಳಿಗೆ ಹೋಗಿ, ಮಕ್ಕಳ ಗಂಟಲಲ್ಲಿ ಹತ್ತಿ ಸುತ್ತಿದ ಕಡ್ಡಿ ಆಡಿಸಿ, ಐಸಿನ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಸವನ ಬಾಗೇವಾಡಿಗೆ ತರಬೇಕು. ಅಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ನಮ್ಮ ಲ್ಯಾಬ್. ಮೊದಲು ಅದು ಫೋಟೊ ಸ್ಟುಡಿಯೊ ಆಗಿತ್ತು. ಗೋಡೆಯ ತುಂಬ ಜಲಪಾತದ ಚಿತ್ರ ಹಾಗೇ ಉಳಿದಿತ್ತು. ಅದರ ಮುಂದೆ ಬಿಳಿ ಕೋಟು ಹಾಕಿ ಕೂತ ನನ್ನನ್ನು ನೋಡಿ ಕೆಲವರು ಪಾಸ್‌ಪೋರ್ಟ್ ಫೋಟೊ ತೆಗೆಸಲು ಒಳಗೆ ಬರುತ್ತಿದ್ದರು.

ಮುದ್ದೇಬಿಹಾಳದಲ್ಲಿರುವ ನನ್ನ ಅವ್ವ ಬೀಗರ ಮುಂದೆ ನನ್ನ ಕೆಲಸವನ್ನು ಹೀಗೆ ವಿವರಿಸುತ್ತಿದ್ದಳು: ಡಾಕ್ಟರ್ ಆಗುತ್ತಾಳೆ, ಆದರೆ ಗುಳಿಗೆ ಕೊಡುವುದಿಲ್ಲ.

ಈ ಬ್ಯಾಕ್ಟೀರಿಯಾಕ್ಕೆ ನಾಲಿಗೆ ರುಚಿ ಜಾಸ್ತಿ. ಕುರಿಯ ರಕ್ತ ಬೆರೆಸಿದ ಅಗರ್ ಎಂಬ ಜೆಲ್ಲಿಯನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಕೊಟ್ಟರೆ ಚೆನ್ನಾಗಿ ಬೆಳೆಯುತ್ತದೆ. ಬೆಳೆದ ಚುಕ್ಕೆಯ ಸುತ್ತಲಿನ ರಕ್ತವನ್ನು ಕರಗಿಸಿ, ಹೋಳಿಗೆಯ ಸುತ್ತ ತುಪ್ಪ ಹರಡಿದಂತೆ ಒಂದು ತಿಳಿಯಾದ ಉಂಗುರ ಮಾಡುತ್ತದೆ. ಆ ಉಂಗುರ ಕಂಡರೆ ನಮ್ಮ ಕಳ್ಳ ಸಿಕ್ಕ ಹಾಗೆ.

ಆ ಮಳೆಗಾಲವೆಲ್ಲ ನನಗೆ ಒಂದೂ ಉಂಗುರ ಕಾಣಲಿಲ್ಲ. ಮೂರು ತಾಲ್ಲೂಕಿನ ಗಂಟಲುಗಳನ್ನು ತಂದು ಬಿತ್ತಿದರೂ ತಟ್ಟೆಗಳು ಹೊಸದಾಗಿ ಸಾರಿಸಿದ ಅಂಗಳದಂತೆ ಕೆಂಪಗೆ ನುಣ್ಣಗೆ ಇರುತ್ತಿದ್ದವು. ಗೈಡ್ ಮೇಡಂ ವಿಶ್ವವಿದ್ಯಾಲಯದಿಂದ ಫೋನ್ ಮಾಡಿದರು. ದೀಪಾವಳಿ ಮುಗಿಸಿ ತಾವೇ ಬರುವುದಾಗಿಯೂ, ಅಷ್ಟರಲ್ಲಿ ಒಂದಾದರೂ ಬೆಳೆದಿರಬೇಕೆಂದೂ, ಇಲ್ಲದಿದ್ದರೆ ಲ್ಯಾಬ್ ಮುಚ್ಚಿ ನನ್ನನ್ನು ಶೇಂಗಾಕ್ಕೆ ಹಿಡಿಯುವ ಬೂಷ್ಟಿನ ವಿಷಯಕ್ಕೆ ಹಾಕುವುದಾಗಿಯೂ ಹೇಳಿದರು. ಅವರು ದನಿ ಏರಿಸಲಿಲ್ಲ. ಶೇಂಗಾ ಬೂಷ್ಟಿನ ಮೇಲೆ ನನಗೆ ದ್ವೇಷವೂ ಇಲ್ಲ. ಆದರೆ ಗಂಟಲುಗಳ ಹಿಂದೆ ಅಷ್ಟು ದಿನ ಬಸ್ಸು ಹತ್ತಿ ಇಳಿದ ಮೇಲೆ ಶೇಂಗಾ ಮುಂದೆ ಹೋಗಿ ಕೂರಲು ಮನಸ್ಸು ಒಪ್ಪುತ್ತಿರಲಿಲ್ಲ.

ಮೊದಲು ನಾನು ಅನುಮಾನಪಟ್ಟದ್ದು ತಾಯಂದಿರ ಮೇಲೆ. ಇಂಡಿಯ ಒಂದು ಶಾಲೆಗೆ ಹೇಳದೆ ಮುಂಜಾನೆಯೇ ಹೋದಾಗ ಗುಟ್ಟು ತಿಳಿಯಿತು. ಗಂಟಲಿನ ಪರೀಕ್ಷೆ ಇದೆ ಎಂದು ಹಿಂದಿನ ದಿನ ಶಾಲೆಯಿಂದ ಸುದ್ದಿ ಹೋಗುತ್ತಿತ್ತು. ಪರೀಕ್ಷೆ ಎಂದ ಮೇಲೆ ಪಾಸಾಗಬೇಕಲ್ಲ. ಮನೆಮನೆಯಲ್ಲೂ ಮಕ್ಕಳಿಗೆ ಉಪ್ಪು, ಅರಿಸಿನ, ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಲು ಹಚ್ಚಿ, ನಿಂಬೆಗೇ ಹೆಸರಾದ ಊರಲ್ಲಿ ನಿಂಬೆಹಣ್ಣಿಗೇನು ಬರವೇ ಎಂದು ಅದನ್ನೂ ಹಿಂಡಿ, ಗಂಟಲನ್ನು ತಾಮ್ರದ ತಂಬಿಗೆ ತಿಕ್ಕಿದಂತೆ ತಿಕ್ಕಿ ಕಳಿಸುತ್ತಿದ್ದರು. ಒಬ್ಬ ತಂದೆ ಡಾಕ್ಟರಬಾಯಿಗೆ, ಅಂದರೆ ನನಗೆ, ವಾಸನೆ ಬರಬಾರದೆಂದು ಮಗನ ದವಡೆಯಲ್ಲಿ ಏಲಕ್ಕಿ ಇಟ್ಟು ಕಳಿಸಿದ್ದ. ಹೆಡ್‌ಮಾಸ್ತರರಂತೂ, ನಮ್ಮ ಶಾಲೆಯಲ್ಲಿ ಒಂದೂ ರೋಗ ಸಿಗಲಿಲ್ಲವಲ್ಲ, ಅದಕ್ಕೊಂದು ಪ್ರಮಾಣಪತ್ರ ಕೊಟ್ಟರೆ ಶೌಚಾಲಯದ ಬಹುಮಾನದ ಪಕ್ಕ ತೂಗುಹಾಕುತ್ತೇನೆ ಎಂದರು.

ಮುಂದಿನ ಸಲ ಏನೂ ತೊಳೆಯದೆ ಕಳಿಸಬೇಕೆಂದು ನಾನು ಪಾಲಕರ ಸಭೆಯಲ್ಲಿ ಕೇಳಿಕೊಂಡೆ. ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನ ತಾಯಿಯೊಬ್ಬಳು ಎದ್ದು ನಿಂತು, ಇಷ್ಟು ವರ್ಷ ಬಂದ ಡಾಕ್ಟರರೆಲ್ಲ ತೊಳಕೊಳ್ಳಿ ತೊಳಕೊಳ್ಳಿ ಎಂದು ಕೈ ತೊಳೆಯುವ ಹಾಡು ಕಲಿಸಿ ಹೋದರು, ಇವರೊಬ್ಬರು ಹೊಲಸು ಇಟ್ಟುಕೊಂಡು ಬರ್ರಿ ಅನ್ನುತ್ತಾರೆ, ಯಾವ ಸಾಲಿ ಕಲಿತವರು ಎಂದು ಹೆಡ್‌ಮಾಸ್ತರರನ್ನು ಕೇಳಿದಳು. ಆಕೆ ನನ್ನನ್ನು ಕೇಳಲಿಲ್ಲ ಎಂಬುದು ಗಮನಿಸಬೇಕಾದ್ದು. ಹೇಗೋ ಒಪ್ಪಿದರು. ಮಕ್ಕಳು ಹಲ್ಲು ಸಹ ಉಜ್ಜದೆ ಹಬ್ಬಕ್ಕೆ ಬಂದಂತೆ ಬಂದು ಬಾಯಿ ತೆರೆದವು. ಅಂದು ನನಗೆ ಏಲಕ್ಕಿಯ ನೆನಪು ಬಂತು.

ತಟ್ಟೆಗಳು ಆಗಲೂ ಖಾಲಿ.

ಇಲ್ಲಿ ಒಂದು ಮಾತು. ತಟ್ಟೆ ಸರಿಯಿದೆಯೇ ಎಂದು ನೋಡಲು ಪ್ರತಿ ಸಲ ಗ್ಯಾರಂಟಿ ಬೆಳೆಯುವಂಥ, ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾ ಒಂದನ್ನು ಜೊತೆಯಲ್ಲಿ ಬಿತ್ತುವುದು ನಮ್ಮಲ್ಲಿ ಪದ್ಧತಿ. ಅದೂ ಬೆಳೆಯುತ್ತಿರಲಿಲ್ಲ. ಕರೆಂಟು ಹೋಗಿ ಫ್ರಿಜ್ಜು ಬಿಸಿಯಾಗಿ ಅದು ಸತ್ತಿರಬೇಕು ಎಂದುಕೊಂಡೆ. ನಮ್ಮ ಕಡೆ ಕರೆಂಟಿನ ಮೇಲೆ ತಪ್ಪು ಹಾಕಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಮೇಡಂ ಹೊಸದನ್ನು ಕಳಿಸಿದರು. ಅದೂ ಬೆಳೆಯದಿದ್ದಾಗ ಕೊರಿಯರಿನವನ ಚೀಲದ ಬಿಸಿಯನ್ನು ಬೈದೆ. ಆಮೇಲೆ ಸಿಂದಗಿಯಲ್ಲಿ ಒಂದು ಹುಡುಗಿ ಸಿಕ್ಕಳು. ಜ್ವರ, ಕೆಂಪು ಗಂಟಲು, ಬಿಳಿ ಚುಕ್ಕೆ, ಪುಸ್ತಕದಲ್ಲಿ ಬರೆದಂತೆ. ಅಲ್ಲಿನ ಡಾಕ್ಟರ್ ನೋಡಿದ ಕೂಡಲೇ ಇದು ನಿಮ್ಮದೇ ಎಂದು ನನ್ನ ಕಡೆ ಬೆರಳು ಮಾಡಿದರು. ಆಕೆಗೆ ಔಷಧ ಶುರುವಾಗುವ ಮೊದಲೇ ಕಡ್ಡಿ ತಿರುವಿ, ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಾಗೇವಾಡಿಗೆ ಬಂದೆ. ಮರುದಿನ ತಟ್ಟೆ ತೆಗೆದು ನೋಡಿದರೆ ಸಾರಿಸಿದ ಅಂಗಳ. ಅದರ ಮರುದಿನವೂ ಅದೇ ಅಂಗಳ. ದೀಪಾವಳಿಗೆ ಹೆಚ್ಚು ದಿನ ಉಳಿದಿರಲಿಲ್ಲ. ನಾನು ಜಲಪಾತದ ಮುಂದೆ ಕೂತು ಶೇಂಗಾದ ಬಗ್ಗೆ ಓದಲು ಶುರುಮಾಡಿದೆ.

ಇನ್ನು ಟಗರಿನ ಕಡೆ ಬರಬೇಕು.

ನಾಲತವಾಡದ ಹತ್ತಿರದ ಒಂದು ಹಳ್ಳಿಯಲ್ಲಿ ಅವ್ವನಿಗೆ ಪರಿಚಯದ ಮುದುಕಿಯೊಬ್ಬಳಿದ್ದಳು. ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಆಕೆಯ ಟಗರನ್ನು ಕಾಳಗಕ್ಕೆಂದೇ ಸಾಕಿದ್ದರು. ತತ್ತಿ, ಹಾಲು, ನೆನೆಸಿದ ಹುರಳಿ ತಿಂದು ಬೆಳೆದ ದೊಡ್ಡ ಆಳು. ಆದರೆ ಕಣಕ್ಕಿಳಿದರೆ ಎದುರಿನ ಟಗರನ್ನು ಬಿಟ್ಟು ಹಲಗೆ ಬಾರಿಸುವವನ ಕಡೆ ಓಡುತ್ತಿತ್ತು. ಎರಡು ಸೀಸನ್ ಆದ ಮೇಲೆ ಯಾರೂ ಕರೆಯಲಿಲ್ಲ. ಹೀಗೆ ಅದು ನಿರುದ್ಯೋಗಿಯಾಗಿದ್ದಾಗ ನಾನು ಹೋಗಿ ತಿಂಗಳಿಗೊಮ್ಮೆ ಸ್ವಲ್ಪ ರಕ್ತ ಬೇಕೆಂದೂ, ಅದಕ್ಕೆ ಬದಲಾಗಿ ಹಿಂಡಿ ಮತ್ತು ಹುರಳಿಯನ್ನು ವಿಶ್ವವಿದ್ಯಾಲಯ ಕೊಡುತ್ತದೆಂದೂ ಹೇಳಿದೆ. ಪಶುವೈದ್ಯರು ಬಂದು, ಟಗರಿಗೆ ತ್ರಾಸಾಗದಷ್ಟೇ ರಕ್ತವನ್ನು ಕುತ್ತಿಗೆಯಿಂದ ತೆಗೆದುಕೊಡುತ್ತಿದ್ದರು. ಅದು ಹೆಪ್ಪುಗಟ್ಟದಂತೆ ಗಾಜಿನ ಮಣಿ ಹಾಕಿದ ಬಾಟಲಿಯಲ್ಲಿ ನಾನು ಕೈ ಸೋಲುವವರೆಗೆ ಅಲುಗಾಡಿಸಬೇಕು. ಓಣಿಯ ಹೆಂಗಸರು ಬಂದು ನಿಂತು, ಬೆಣ್ಣೆ ಬಂತೇನು ಎಂದು ಕೇಳುತ್ತಿದ್ದರು.

ಆಯಿ ಇದನ್ನೆಲ್ಲ ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡಿದ್ದಳು. "ನಮ್ಮ ಟಗರಿಗಿ ನೌಕರಿ ಹತ್ತೇತ್ರಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಂದಿನಿಂದ ಅದನ್ನು ಉಳಿದ ಕುರಿಗಳ ಜೊತೆ ಮೇಯಲು ಬಿಡಲಿಲ್ಲ. ಅದು ಬಾಗಿಲ ಮುಂದೆ ಗೋಣಿಯ ಮೇಲೆ ಕೂತು, ಬೀದಿಯಲ್ಲಿ ಹೋಗುವವರನ್ನು ಸಾಹೇಬನ ಹಾಗೆ ನೋಡುತ್ತಿತ್ತು. ಒಂದು ಸಲ ಆಕೆ ಟಗರು ಸತ್ತರೆ ಅದರ ಮರಿಗೆ ಅನುಕಂಪದ ಮೇಲೆ ನೌಕರಿ ಸಿಗುತ್ತದೆಯೇ ಎಂದು ಪಶುವೈದ್ಯರನ್ನು ಕೇಳಿದಳು. ಅವರು ಗಂಭೀರವಾಗಿ ಅರ್ಜಿ ಹಾಕಬೇಕಾಗುತ್ತದೆ ಎಂದರು. ಅವರು ತಮಾಷೆಗೆ ಹೇಳಿದ್ದು. ಆಯಿ ತಮಾಷೆಗೆ ಕೇಳಿರಲಿಲ್ಲ.

ರಕ್ತ ತೆಗೆಯುವ ಮುನ್ನ ಪಶುವೈದ್ಯರು ಪ್ರತಿ ಸಲ ತಪ್ಪದೆ ಕೇಳುತ್ತಿದ್ದರು, ಇತ್ತೀಚೆಗೆ ಏನಾದರೂ ಔಷಧ, ಸೂಜಿ? ಆಯಿ ಪ್ರತಿ ಸಲ ತಪ್ಪದೆ ಹೇಳುತ್ತಿದ್ದಳು, ಏನಿಲ್ಲ, ಹುಲಿ ಆಗ್ಯಾನ.

ಸಿಂದಗಿಯ ಹುಡುಗಿಯ ತಟ್ಟೆ ಖಾಲಿ ಬಂದ ಮೇಲೆ ಹೊಸ ರಕ್ತಕ್ಕೆಂದು ನಾನು ಅಲ್ಲಿಗೆ ಹೋದೆ. ಪಶುವೈದ್ಯರು ಇನ್ನೂ ಬಂದಿರಲಿಲ್ಲ. ನಾನು ಕಟ್ಟೆಯ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತೆ. ಟಗರು ಎದ್ದು ಬಂದು ತನ್ನ ಕುತ್ತಿಗೆಯನ್ನು ನನ್ನ ಮೊಣಕಾಲಿಗೆ ಉಜ್ಜತೊಡಗಿತು. ಅದರ ಕೊರಳಲ್ಲಿ ಕವಡೆ, ಗೆಜ್ಜೆ, ಕರಿ ಉಣ್ಣೆಯ ಹಗ್ಗವಿದ್ದ ದೊಡ್ಡ ಸರ. ಅದರ ನಡುನಡುವೆ ಚಿಕ್ಕ ಗಾಜಿನ ಬಾಟಲಿಗಳು, ಅಲ್ಯೂಮಿನಿಯಂ ಕೊರಳಿನವು, ಕಿಣಿಕಿಣಿ ಅನ್ನುತ್ತಿದ್ದವು. ಅವನ್ನು ನಾನು ಹೊಸದಾಗಿ ನೋಡಿದ್ದಲ್ಲ. ತಿಂಗಳಿಗೊಂದು ಹೆಚ್ಚಾಗುತ್ತ ಹೋದದ್ದನ್ನು ನೋಡಿ, ಎಷ್ಟು ಚಂದ ಸಿಂಗಾರ ಮಾಡುತ್ತಾಳೆ ಎಂದು ಮೆಚ್ಚಿದ್ದೆ. ಪಶುವೈದ್ಯರಿಗೆ ರಕ್ತನಾಳ ಸಿಗಲೆಂದು ಆ ಸರವನ್ನು ನನ್ನ ಕೈಯಾರೆ ಪಕ್ಕಕ್ಕೆ ಸರಿಸಿ ಹಿಡಿಯುತ್ತಿದ್ದೆ. ಕೆಲವು ಸಲ ಅವರೇ ಸರಿಸುತ್ತಿದ್ದರು. ಇಬ್ಬರೂ ವಿಜ್ಞಾನಿಗಳು.

ಅಂದು ಸರಕ್ಕೆ ಹೊಸದಾಗಿ ಸೇರಿದ ಬಾಟಲಿಯ ಚೀಟಿಯನ್ನು ಆಯಿ ಇನ್ನೂ ಕಿತ್ತಿರಲಿಲ್ಲ. ಟಗರು ನನ್ನ ಕಣ್ಣಿನ ಮುಂದೆಯೇ ಕೊರಳು ಅಲುಗಿಸುತ್ತಿತ್ತು, ಅಕ್ಷರ ಕಲಿಸುವ ಮಾಸ್ತರನಂತೆ. ನಾನು ಓದಿದೆ. ಪೆನಿಸಿಲಿನ್.

"ಆಯಿ, ಈ ಬಾಟ್ಲಿ ಎಲ್ಲಿಂದ ಬಂದ್ವು?"

"ಅವು ಅವನ ಗಳಿಕಿ ಯವ್ವಾ," ಎಂದಳು ಆಯಿ, ಹೆಮ್ಮೆಯಿಂದ.

ನಾನು ಬಿಡಲಿಲ್ಲ. ಓಣಿಯ ತುದಿಯಲ್ಲಿ ರಿಟೈರಾದ ಕಂಪೌಂಡರ್ ಒಬ್ಬನಿದ್ದಾನೆ, ಮನುಷ್ಯರಿಗೂ ದನಕ್ಕೂ ಭೇದವಿಲ್ಲದೆ ಸೂಜಿ ಹಾಕುತ್ತಾನೆ ಎಂಬುದು ಹೊರಬಂತು. ನಾವು ಬರುವ ಹಿಂದಿನ ಸಂಜೆ ಅವನನ್ನು ಕರೆಸುವುದು ಆಕೆಯ ವಾಡಿಕೆ.

"ನೀವು ಅವನ ರಕ್ತ ಒಯ್ದು ತಪಾಸ ಮಾಡ್ತೀರಿ. ಅದರಾಗ ಏನರ ರೋಗ ಸಿಕ್ಕಿತಂದ್ರ ಅವನ ನೌಕರಿ ಉಳಿತೈತೇನ? ಅದಕ್ಕ ಒಂದ್ ಸೂಜಿ ಹಾಕಿಸ್ತೇನಿ. ಇಷ್ಟ ತಿಂಗಳಾತು, ಒಂದ್ ಸಲರ ಫೇಲ್ ಆಗ್ಯಾನೇನ ಹೇಳ್ರಿ ನೋಡೂಣು."

ಆಗಿರಲಿಲ್ಲ. ಇಂಡಿಯ ತಾಯಂದಿರ ಮಕ್ಕಳಂತೆ ಟಗರೂ ಪ್ರತಿ ಸಲ ಪಾಸಾಗಿತ್ತು. ಪೆನಿಸಿಲಿನ್ ತುಂಬಿದ ರಕ್ತವನ್ನು ತಟ್ಟೆಗೆ ಸುರಿದು, ಪೆನಿಸಿಲಿನ್ನಿಗೆ ಶರಣಾಗುವುದೇ ಹುಟ್ಟುಗುಣವಾದ ಬ್ಯಾಕ್ಟೀರಿಯಾವನ್ನು ಅದರ ಮೇಲೆ ಬಿತ್ತಿ, ಬೆಳೆಯಲಿಲ್ಲವೆಂದು ನಾನು ಕರೆಂಟನ್ನು ಬೈಯುತ್ತಿದ್ದೆ. ತಿಂಗಳುಗಟ್ಟಲೆ ಅತಿಥಿಗಳನ್ನು ಊಟಕ್ಕೆ ಕರೆದು ವಿಷ ಬಡಿಸಿದ ಹಾಗಾಗಿತ್ತು.

"ರೋಗ ಹುಡುಕಾಕ ಒಯ್ಯಾಂಗಿಲ್ಲ ಆಯಿ," ಎಂದೆ. "ಅವನ ರಕ್ತದಾಗ ನಾ ರೋಗ ಬೆಳಸ್ತೇನಿ."

ಆಯಿ ನನ್ನನ್ನು ಮೊದಲ ಸಲ ನೋಡುವಂತೆ ನೋಡಿದಳು.

"ನಿಮ್ಮವ್ವಗ ಇದು ಗೊತ್ತೈತೇನ?"

ಅಷ್ಟರಲ್ಲಿ ಪಶುವೈದ್ಯರ ಬೈಕು ಬಂತು. ನಾನು ಸರವನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು, ಇಳಿಸಿ ಇನ್ನೊಮ್ಮೆ ಓದಿದರು. ತಾವು ಕೇಳಿದಾಗೆಲ್ಲ ಏನಿಲ್ಲ ಎಂದು ಯಾಕೆ ಹೇಳಿದೆ ಎಂದು ಮುದುಕಿಯ ಮೇಲೆ ಹರಿಹಾಯ್ದರು. ಆಯಿ ಸೆರಗು ಸರಿಮಾಡಿಕೊಂಡು ಶಾಂತವಾಗಿ ಉತ್ತರ ಕೊಟ್ಟಳು.

"ನೌಕರಿ ಇದ್ದಾಂವ ನನಗ ಮೈಯಾಗ ಆರಾಮ ಇಲ್ಲಂತ ತಾನಾಗೇ ಹೇಳ್ತಾನೇನ್ರಿ ಸಾಹೇಬ್ರ? ನೀವು ಹೇಳ್ತೀರೇನ?"

ಸಾಹೇಬರು ನನ್ನ ಕಡೆ ತಿರುಗಿದರು. ಔಷಧ ಮೈಯಿಂದ ಪೂರ್ತಿ ಇಳಿಯುವವರೆಗೆ ಈ ಟಗರಿನ ರಕ್ತ ಕೆಲಸಕ್ಕೆ ಬಾರದು, ಅದಕ್ಕೆ ವಾರಗಳೇ ಬೇಕು ಎಂದು ಹೇಳಿದರು. ನನಗೆ ಅಷ್ಟು ವಾರಗಳಿರಲಿಲ್ಲ. ಮೇಡಂ ಬರುವುದರೊಳಗೆ ಶುದ್ಧ ರಕ್ತ ಸಿಗದಿದ್ದರೆ ನಾನು ಶೇಂಗಾದ ಪಾಲು. ಹಿತ್ತಲಲ್ಲಿ ಒಂದು ಹೆಣ್ಣು ಕುರಿ ಬೇಲಿಯ ಸೊಪ್ಪು ಜಗ್ಗಿ ತಿನ್ನುತ್ತಿತ್ತು. ಅದಕ್ಕೂ ಸೂಜಿ ಹಾಕಿಸಿದ್ದೀಯಾ ಎಂದು ಹೆದರುತ್ತಲೇ ಕೇಳಿದೆ.

"ಅದಕ್ಕ್ಯಾಕ ಹಾಕಿಸ್ಲಿ?" ಎಂದಳು ಆಯಿ. "ಅದಕ್ಕೇನ ನೌಕರಿ ಇತ್ತೇನ?"

ಅದು ಟಗರಿನ ತಂಗಿಯಂತೆ. ಹುಟ್ಟಿದಾಗಿನಿಂದ ಯಾರೂ ಅದರ ಕಡೆ ನೋಡಿರಲಿಲ್ಲವಾದ್ದರಿಂದ ಔಷಧದ ಒಂದು ಹನಿಯೂ ಅದರ ಮೈಗೆ ತಾಗಿರಲಿಲ್ಲ. ಪಶುವೈದ್ಯರು ಪರೀಕ್ಷಿಸಿ ಆಗಬಹುದು ಎಂದರು. ಆದರೆ ಆಯಿ ಅದರ ಹಗ್ಗ ಬಿಡಲಿಲ್ಲ. ತಂಗಿಯನ್ನು ತೆಗೆದುಕೊಂಡು ಅಣ್ಣನನ್ನು ಕೈಬಿಟ್ಟರೆ ಹೇಗೆ ಎಂಬುದು ಆಕೆಯ ಚಿಂತೆ. ಟಗರನ್ನು ಸಸ್ಪೆಂಡ್ ಮಾಡಿಲ್ಲ, ರಜೆ ಮಾತ್ರ, ತಂಗಿಯದು ಹಂಗಾಮಿ ನೇಮಕ ಎಂದು ಪಶುವೈದ್ಯರೇ ತೀರ್ಪು ಕೊಟ್ಟರು. ರಜೆಯಲ್ಲಿ ಹಿಂಡಿ ಸಿಗುತ್ತದೆಯೇ ಎಂದು ಆಯಿ ಕೇಳಿದಳು. ಸಿಗುತ್ತದೆ ಎಂದೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ಆಕೆ ಹಗ್ಗ ಬಿಟ್ಟಳು. ತಂಗಿಯ ರಕ್ತ ತೆಗೆಯುವಾಗ ಟಗರು ಗೋಣಿಯ ಮೇಲಿಂದ ನಮಗೆ ಬೆನ್ನು ತಿರುಗಿಸಿ ಕೂತಿತ್ತು. ಇದು ನನ್ನ ನೆನಪು ಕಟ್ಟಿದ ಚಿತ್ರವಿರಬಹುದು. ಬಿಸಿಲಿಗೆ ತಿರುಗಿದ್ದೂ ಇರಬಹುದು.

ಹೊಸ ತಟ್ಟೆ ಮಾಡಿದೆ. ಸತ್ತಿದೆ ಎಂದುಕೊಂಡಿದ್ದ ಬ್ಯಾಕ್ಟೀರಿಯಾವನ್ನು ಫ್ರಿಜ್ಜಿನಿಂದ ತೆಗೆದು ಬಿತ್ತಿದೆ. ಸಿಂದಗಿಯ ಹುಡುಗಿ ಗುಣವಾಗಿ ಕುಂಟೆಬಿಲ್ಲೆ ಆಡುತ್ತಿದ್ದಳು, ಆಕೆಯ ಗಂಟಲು ಈಗ ನನ್ನ ಉಪಯೋಗಕ್ಕಿರಲಿಲ್ಲ. ಇಂಡಿಗೆ ಹೋಗಿ ಹಲ್ಲುಜ್ಜದ ಮಕ್ಕಳನ್ನು ಇನ್ನೊಮ್ಮೆ ಬೇಡಿಕೊಂಡೆ. ಮಾರನೆಯ ಬೆಳಿಗ್ಗೆ ತಟ್ಟೆಯ ಮುಚ್ಚಳ ತೆಗೆದು ಬೆಳಕಿಗೆ ಹಿಡಿದೆ. ಸಾಸಿವೆಗಿಂತ ಚಿಕ್ಕ ಚುಕ್ಕೆಗಳು, ಪ್ರತಿಯೊಂದರ ಸುತ್ತ ತುಪ್ಪದ ಉಂಗುರ. ಸತ್ತಿದ್ದೂ ಎದ್ದು ಬಂದಿತ್ತು. ಕರೆಂಟಿನ ಇಲಾಖೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆಗಲೇ ಒಬ್ಬರು ಫೋಟೊ ತೆಗೆಸಲು ಒಳಗೆ ಬಂದರು. ಅವರಿಗೂ ತಟ್ಟೆ ತೋರಿಸಿದೆ. ಚಲೋ ಬಂದೈತ್ರಿ ಎಂದು ಹೇಳಿ ಹೋದರು.

ದೀಪಾವಳಿ ಮುಗಿಸಿ ಮೇಡಂ ಬಂದರು. ಅಷ್ಟರಲ್ಲಿ ಒಂದು ಮಗುವಿನ ಬ್ಯಾಕ್ಟೀರಿಯಾದ ಮೇಲೆ ಔಷಧದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟು ನೋಡಿದ್ದೆ. ಪೆನಿಸಿಲಿನ್ ಬಿಲ್ಲೆಯಿಂದ ಅದು ದೂರ ಸರಿದಿತ್ತು. ಅಂಗಡಿಗಳಲ್ಲಿ ಗಂಟಲಿಗೆಂದು ಕೇಳಿದವರಿಗೆಲ್ಲ ಕೊಡುವ ಇನ್ನೊಂದು ಔಷಧದ ಬಿಲ್ಲೆಯನ್ನು ಮಾತ್ರ ಮೂಸಿಯೂ ನೋಡದೆ ಅದರ ಅಂಚಿನವರೆಗೆ ಬೆಳೆದು ಕೂತಿತ್ತು. ನಾವು ಹುಡುಕುತ್ತಿದ್ದದ್ದು ಇದನ್ನೇ. ಮೇಡಂ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ ಖುಷಿಪಟ್ಟರು. ಆಮೇಲೆ ಆ ಮಗುವಿನ ನೆನಪಾಗಿ, ಖುಷಿಪಟ್ಟದ್ದಕ್ಕೆ ಇಬ್ಬರೂ ಸ್ವಲ್ಪ ನಾಚಿಕೊಂಡೆವು. ಅದೇ ದಿನ ಮಗುವಿನ ಡಾಕ್ಟರಿಗೆ ಫೋನ್ ಮಾಡಿ ಯಾವ ಔಷಧ ನಾಟುತ್ತದೆ ಎಂದು ತಿಳಿಸಿದೆವು. ಲ್ಯಾಬ್ ಮುಚ್ಚುವ ಮಾತು ಬರಲಿಲ್ಲ. ಶೇಂಗಾದ ಮಾತು ಬಂತು, ಅವ್ವ ಕಳಿಸಿದ್ದ ಶೇಂಗಾ ಉಂಡಿಯನ್ನು ಮೇಡಂ ಎರಡನೆಯ ಸಲ ಕೇಳಿದಾಗ.

ಚಳಿಗಾಲದಲ್ಲಿ ಟಗರಿನ ರಜೆ ಮುಗಿಯಿತು. ನಾವು ಹೋದ ದಿನ ಅದರ ಕೊರಳಲ್ಲಿ ಬಾಟಲಿಗಳಿರಲಿಲ್ಲ, ಬರೀ ಕವಡೆ. ಪಶುವೈದ್ಯರು ಎಂದಿನಂತೆ ಕೇಳಿದರು, ಏನಾದರೂ ಔಷಧ, ಸೂಜಿ? ಈ ಸಲ ಆಯಿ ಏನನ್ನೂ ಮುಚ್ಚಿಡಬಾರದೆಂದು ನಿರ್ಧಾರ ಮಾಡಿಬಿಟ್ಟಿದ್ದಳು. ಮೊನ್ನೆ ಒಂದು ಸಲ ಕೆಮ್ಮಿದ ಎಂದಳು. ಪಕ್ಕದ ಮನೆಯವರ ಒಣಹಾಕಿದ ಮೆಣಸಿನಕಾಯಿ ತಿಂದ, ಲಗ್ನಪತ್ರಿಕೆ ಒಂದು ತಿಂದ, ನಿನ್ನೆ ಸಂಜೆ ಹಲಗೆಯ ಸಪ್ಪಳ ಕೇಳಿ ಓಡಿಹೋಗಿ ಬಂದ. ಪಶುವೈದ್ಯರು ಸಾಕು ಎಂದರೂ ನಿಲ್ಲಿಸಲಿಲ್ಲ. ಕೊನೆಗೆ ಆಕೆಯ ದನಿ ಸಣ್ಣದಾಯಿತು.

"ಇನ್ನೊಂದೈತ್ರಿ. ಈಗ ನೀವು ಚಾ ಕುಡಿಯೂಮುಂದ ಡಾಕ್ಟರಬಾಯಿ ಚೀಲದಾಗ ಮಾರಿ ಹಾಕಿದ್ದ. ಅವರ ಬರಿಯೂ ಪುಸ್ತಕದಾಗಿಂದ ಒಂದಷ್ಟ ಹಾಳಿ ತಿಂದಾನ. ಅದರಿಂದ ನೌಕರಿಗಿ ಏನರ ತ್ರಾಸ ಆಕ್ಕೈತೇನ್ರಿ?"

ನಾನು ಚೀಲ ತೆರೆದು ನೋಡಿದೆ. ಡೈರಿಯಲ್ಲಿ ಮಳೆಗಾಲದಿಂದ ದೀಪಾವಳಿಯವರೆಗಿನ ಪುಟಗಳು ಹೋಗಿದ್ದವು. ತಂಗಿಯ ರಕ್ತ ತೆಗೆದ ದಿನ ಟಗರು ಬಿಸಿಲಿಗೆ ತಿರುಗಿ ಕೂತಿತ್ತೋ ನಮಗೆ ಬೆನ್ನು ಹಾಕಿ ಕೂತಿತ್ತೋ ಎಂಬುದನ್ನು ಬರೆದಿದ್ದ ಪುಟವೂ ಅವುಗಳಲ್ಲಿತ್ತು. ಟಗರು ಗೋಣಿಯ ಮೇಲೆ ಕೂತು ಮೆಲುಕು ಹಾಕುತ್ತಿತ್ತು. ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನೂ ಆಗಾಂಗಿಲ್ಲ ಆಯಿ," ಎಂದೆ. ಪಶುವೈದ್ಯರು ಸೂಜಿ ತೆಗೆದರು, ನಾನು ಸರವನ್ನು ಪಕ್ಕಕ್ಕೆ ಹಿಡಿದೆ, ಈ ಸಲ ಒಂದೊಂದು ಕವಡೆಯನ್ನೂ ನೋಡಿ. ಆ ರಕ್ತದಿಂದ ಮಾಡಿದ ತಟ್ಟೆಗಳಲ್ಲಿ ಎಲ್ಲವೂ ಚೆನ್ನಾಗಿ ಬೆಳೆಯಿತು.